ಊರು ಬಿಡುವ ಮುಂಚೆ ಒಂದು ಲೆಕ್ಕ

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ರಜತ ಮಹೋತ್ಸವದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘ ಬೆಳೆದು ಬಂದ ದಾರಿಯನ್ನು ಕುರಿತು ನಮಗಿಂತ ಹಿರಿಯರು ಈಗಾಗಲೇ ಮಾತನಾಡಿದ್ದಾರೆ. ಜಮಾ ಖರ್ಚನ್ನು ಕಾರ್ಯದರ್ಶಿಗಳು ಓದಿದ್ದಾರೆ. ಅದನ್ನೇ ನಾವು ಮತ್ತೆ ಹೇಳುವುದು ಬೇಡ. ನಮಗೆ ವಹಿಸಿಕೊಟ್ಟಿರುವ ವಿಷಯ "ಊರಲ್ಲೇ ಇರೋದೋ, ಬೆಂಗಳೂರಿಗೆ ಹೋಗೋದೋ" ಎಂಬುದು. ಬೆಳ್ಳಿ ಹಬ್ಬದ ದಿನ ಇದೆಂಥಾ ಮಾತು ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ಬೆಳಿಗ್ಗೆ ಆರು ಗಂಟೆಗೆ ಸಂಘದ ಮುಂದೆ ಹಾಲು ಹಾಕುವವರ ಸಾಲಿನಲ್ಲಿ ಒಂದು ಗಳಿಗೆ ನಿಂತು ನೋಡಿ. ಕ್ಯಾನು ಹಿಡಿದು ಬಂದವರಲ್ಲಿ ತಲೆಗೂದಲು ಕಪ್ಪಗಿರುವವರು ಎಷ್ಟು ಮಂದಿ? ಹಾಗೇ ದೇವಸ್ಥಾನದ ಬೀದಿಯಲ್ಲಿ ಬೀಗ ಹಾಕಿದ ಮನೆ ಎಷ್ಟಿವೆ ಎಣಿಸಿ. ನಮ್ಮ ಸಂಘ ಇನ್ನೂ ಇಪ್ಪತ್ತೈದು ವರ್ಷ ನಡೆಯಬೇಕಾದರೆ ಈ ಮಾತನ್ನು ಆಡದೆ ವಿಧಿಯಿಲ್ಲ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಜನಗಣತಿಯ ಲೆಕ್ಕ ನೋಡಿದರೆ ನಮ್ಮ ಮಂಡ್ಯ ಜಿಲ್ಲೆಯಲ್ಲಿ 2001ರಲ್ಲಿ 17.63 ಲಕ್ಷ ಜನ ಇದ್ದರು, 2011ರಲ್ಲಿ 18.05 ಲಕ್ಷ. ಹತ್ತು ವರ್ಷಕ್ಕೆ ಹೆಚ್ಚಾದದ್ದು ಅರ್ಧ ಲಕ್ಷಕ್ಕೂ ಕಡಿಮೆ. ಅದೇ ಹತ್ತು ವರ್ಷದಲ್ಲಿ ಬೆಂಗಳೂರು ನಗರ ಜಿಲ್ಲೆ 65.37 ಲಕ್ಷದಿಂದ 96.21 ಲಕ್ಷಕ್ಕೆ ಹೋಯಿತು. ನಮ್ಮ ಮಕ್ಕಳು ಎಲ್ಲಿ ಹೋದರು ಅಂತ ಬೇರೆ ಸಾಕ್ಷಿ ಬೇಕೆ? ಲಗ್ಗೆರೆ, ಸುಂಕದಕಟ್ಟೆ, ಕಾಮಾಕ್ಷಿಪಾಳ್ಯ, ಕೆಂಗೇರಿ ಕಡೆ ಹೋಗಿ ಯಾವುದಾದರೂ ಟೀ ಅಂಗಡಿ ಮುಂದೆ ನಿಂತರೆ ನಮ್ಮ ಮಾತಿನ ಧಾಟಿಯೇ ಕಿವಿಗೆ ಬೀಳುತ್ತದೆ.

ಜನ ಹೋಗುವ ಮೊದಲೇ ನಮ್ಮ ನೀರು ಹೋಗಿತ್ತು ಅನ್ನಿ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರು ದೂರ, ಸುಮಾರು ಐನೂರು ಮೀಟರು ಎತ್ತರಕ್ಕೆ ಕಾವೇರಿಯನ್ನು ಎತ್ತಿ ಬೆಂಗಳೂರಿಗೆ ಕಳಿಸುತ್ತಾರೆ. ಮೊದಲ ಹಂತ 1974ರಲ್ಲಿ ಆಯಿತು, ಐದನೇ ಹಂತ 2024ರ ಅಕ್ಟೋಬರಿನಲ್ಲಿ. ಇಷ್ಟಾದರೂ ಆ ಐದನೇ ಹಂತ ಬರುವ ಮುಂಚಿನ ಬೇಸಿಗೆಯಲ್ಲಿ ಅಲ್ಲಿ ಸಾವಿರಾರು ಬೋರ್‌ವೆಲ್ ಬತ್ತಿ, ಜನ ಟ್ಯಾಂಕರಿಗೆ ಕಾದು ನಿಂತದ್ದನ್ನು ಟಿ.ವಿ.ಯಲ್ಲಿ ಎಲ್ಲರೂ ನೋಡಿದ್ದೀರಿ. ನಗಬೇಡಿ, ಅದೇ ವರ್ಷ ಬರಗಾಲದಿಂದ ನಮ್ಮ ನಾಲೆಗೂ ಬೇಸಿಗೆ ಬೆಳೆಗೆ ನೀರಿರಲಿಲ್ಲ.

ಈ ವಿಷಯ ಬಂದಾಗ ಊರಲ್ಲಿ ಎರಡೇ ಥರ ಮಾತು ಕೇಳಿಬರುತ್ತದೆ. ಒಂದು, "ಬೆಂಗಳೂರು ಸೇರಿದವನು ಉದ್ಧಾರ ಆದ, ಇಲ್ಲಿರೋನು ಸಗಣಿ ಬಾಚಿದ" ಅನ್ನುವುದು. ಇನ್ನೊಂದು, ವೇದಿಕೆ ಮೇಲೆ ನಿಂತು "ಹಳ್ಳಿಯೇ ಸ್ವರ್ಗ, ಯುವಕರು ಭೂಮಿತಾಯಿಯನ್ನು ತೊರೆಯಬಾರದು" ಅನ್ನುವುದು. ಈ ಎರಡನೇ ಮಾತು ಆಡುವವರಲ್ಲಿ ಬಹುಪಾಲು ಜನರ ಮನೆ ಬೆಂಗಳೂರಲ್ಲೇ ಇರುತ್ತದೆ ಎಂಬುದು ಬೇರೆ ವಿಷಯ. ನಾವು ಎರಡನ್ನೂ ಹೇಳುವುದಿಲ್ಲ. ಸಂಘದಲ್ಲಿ ನಾವು ಕಲಿತದ್ದು ಒಂದೇ: ಹಾಲು ನೋಡಿದರೆ ಗಟ್ಟಿ ಕಾಣುತ್ತೆ ಅಂತ ದುಡ್ಡು ಕೊಡುವುದಿಲ್ಲ, ಫ್ಯಾಟು, ಎಸ್.ಎನ್.ಎಫ್. ನೋಡಿ ಕೊಡುತ್ತೇವೆ. ಊರು ಬಿಡುವ ವಿಚಾರಕ್ಕೂ ಅದೇ ಆಗಬೇಕು.

ಮೊದಲು ಬೆಂಗಳೂರಿನ ಲೆಕ್ಕ. ಹುಡುಗ ಬಂದು "ಇಪ್ಪತ್ತು ಸಾವಿರ ಸಂಬಳ" ಅಂತಾನೆ. ಕೇಳಿದವರಿಗೆ ಕಿವಿ ನೆಟ್ಟಗಾಗುತ್ತದೆ. ಅದರಲ್ಲಿ ಕೈಗೆ ಬರುವುದೆಷ್ಟು? ಪಿ.ಎಫ್.ಗೆ ನೂರಕ್ಕೆ 12 ಹಿಡಿಯುತ್ತಾರೆ. ಹದಿನೈದು ಸಾವಿರದ ಮೇಲೆ ಹಿಡಿದರೂ 1,800. ಇ.ಎಸ್.ಐ.ಗೆ ನೂರಕ್ಕೆ ಮುಕ್ಕಾಲು ರೂಪಾಯಿ, ಅಂದರೆ 150. ಉಳಿದದ್ದು 18,050. ಗಂಡ, ಹೆಂಡತಿ, ಒಂದು ಮಗು ಅಂತ ಇಟ್ಟುಕೊಳ್ಳಿ. ಒಂದು ರೂಮು, ಅಡಿಗೆ ಮನೆ ಇರುವ ಸಣ್ಣ ಮನೆಗೆ ಬಾಡಿಗೆ ಎಂಟು ಸಾವಿರ, ನೀರಿಗೆ ಐನೂರು. ಅಕ್ಕಿ, ರಾಗಿ, ತರಕಾರಿ, ಹಾಲು ಎಲ್ಲಾ ಸೇರಿ ಆರೂವರೆ ಸಾವಿರ. ಗ್ಯಾಸು, ಫೋನು, ಸೋಪು, ಸೀಗೆಪುಡಿಗೆ ಒಂದೂವರೆ ಸಾವಿರ. ಬಸ್ಸೋ ಪೆಟ್ರೋಲೋ ಇನ್ನೊಂದೂವರೆ ಸಾವಿರ. ಕೂಡಿ ನೋಡಿ, 18,000 ಆಯಿತು. ಐವತ್ತು ರೂಪಾಯಿ ಉಳಿಯಿತು. ಮಗುವಿನ ಸ್ಕೂಲು ಇನ್ನೂ ಬಂದಿಲ್ಲ, ಜ್ವರ ಬಂದಿಲ್ಲ, ಊರ ಹಬ್ಬಕ್ಕೆ ಬರುವ ಖರ್ಚು ಬಂದಿಲ್ಲ, ನೆಂಟರ ಮದುವೆಯ ಮುಯ್ಯಿ ಬಂದಿಲ್ಲ.

ಮನೆಗೆ ಸೇರುವ ಮುಂಚೆಯೇ ಅಡ್ವಾನ್ಸು ಕೊಡಬೇಕು. ಹಿಂದೆ ಹತ್ತು ತಿಂಗಳ ಬಾಡಿಗೆ ಕೇಳುತ್ತಿದ್ದರು, ಈಗ ಕೆಲವು ಕಡೆ ಐದಾರು ತಿಂಗಳಿಗೆ ಒಪ್ಪುತ್ತಾರೆ. ಐದೇ ಅಂದರೂ ನಲವತ್ತು ಸಾವಿರ. ಆ ದುಡ್ಡು ಎಲ್ಲಿಂದ ಬರುತ್ತದೆ? ಕೊಟ್ಟಿಗೆಯಲ್ಲಿರುವ ಹಸು ಮಾರಿ ಬರುತ್ತದೆ. ಬಿಟ್ಟು ಹೋಗುವಾಗ ಸುಣ್ಣ ಬಣ್ಣಕ್ಕೆ ಅಂತ ಒಂದು ತಿಂಗಳದ್ದು ಹಿಡಿದುಕೊಳ್ಳುವ ಪದ್ಧತಿಯೂ ಇದೆ. ಹಾಲಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇವೆ. 2025ರ ಏಪ್ರಿಲಿನಲ್ಲಿ ನೀಲಿ ಪ್ಯಾಕೆಟ್ ನಂದಿನಿ ಲೀಟರಿಗೆ 46 ರೂಪಾಯಿ ಆಯಿತು. ದರ ಏರಿದ್ದು ನಮ್ಮಂಥ ಉತ್ಪಾದಕರಿಗೆ ಒಳ್ಳೆಯದೇ. ಆದರೆ ನಿನ್ನೆವರೆಗೆ ಹಾಲು ಹಾಕುತ್ತಿದ್ದವನೇ ಇವತ್ತು ಅಂಗಡಿ ಮುಂದೆ ಅರ್ಧ ಲೀಟರ್ ಪ್ಯಾಕೆಟ್ಟಿಗೆ ಚಿಲ್ಲರೆ ಎಣಿಸುತ್ತಾನೆ.

ಹಾಗಾದರೆ ಅಲ್ಲಿ ಯಾರೂ ಬದುಕುತ್ತಿಲ್ಲವೇ ಎಂದು ನೀವು ಕೇಳಬಹುದು. ಬದುಕುತ್ತಿದ್ದಾರೆ. ಹೇಗೆಂದರೆ, ಹೆಂಡತಿಯೂ ಗಾರ್ಮೆಂಟ್ಸಿಗೋ ಮತ್ತೊಂದಕ್ಕೋ ಹೋಗುತ್ತಾಳೆ. ಒಬ್ಬರ ದುಡಿಮೆ ಬಾಡಿಗೆಗೆ ಮತ್ತು ಹೊಟ್ಟೆಗೆ, ಇನ್ನೊಬ್ಬರ ದುಡಿಮೆ ಉಳಿತಾಯಕ್ಕೆ. ಆಗ ಮಗುವನ್ನು ನೋಡಿಕೊಳ್ಳುವವರು ಯಾರು? ಊರಿನಿಂದ ಅವ್ವನನ್ನು ಕರೆಸುತ್ತಾರೆ. ಅವ್ವ ಹೋದಮೇಲೆ ಇಲ್ಲಿ ಹಸು ಕರೆಯುವವರು ಯಾರು? ಅಪ್ಪನೊಬ್ಬನ ಕೈಲಿ ಆಗುವುದಿಲ್ಲ ಅಂತ ಹಸುವನ್ನೂ ಮಾರುತ್ತಾರೆ. ಒಬ್ಬನ ಕೆಲಸಕ್ಕೆ ಅಂತ ಶುರುವಾದದ್ದು ಹೀಗೆ ಇಡೀ ಮನೆಯನ್ನು ಎಳೆದುಕೊಂಡು ಹೋಗುತ್ತದೆ. ಮುದುಕಿಗೆ ಅಲ್ಲಿ ಎರಡನೇ ಮಹಡಿಯಲ್ಲಿ ಮಾತಿಗೆ ಜನ ಇಲ್ಲ, ಮುದುಕನಿಗೆ ಇಲ್ಲಿ ಬಿಸಿ ಮುದ್ದೆ ಇಲ್ಲ. ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತೀರಿ?

ಮದುವೆಯಾಗದ ಹುಡುಗನ ಲೆಕ್ಕ ಬೇರೆ. ನಾಲ್ಕು ಜನ ಸೇರಿ ಒಂದು ರೂಮು ಮಾಡಿದರೆ ತಲೆಗೆ ಮೂರು ಸಾವಿರ, ಊಟಕ್ಕೆ ನಾಲ್ಕೂವರೆ, ಓಡಾಟ ಮತ್ತು ಕೈಖರ್ಚಿಗೆ ಮೂರು. ಕೆಟ್ಟ ಚಾಳಿ ಇಲ್ಲದಿದ್ದರೆ ತಿಂಗಳಿಗೆ ಏಳೂವರೆ ಸಾವಿರ ಉಳಿಯುತ್ತದೆ. ಅಂದರೆ ಅದೇ ಇಪ್ಪತ್ತು ಸಾವಿರ ಸಂಬಳ ಒಂಟಿಗೆ ಲಾಭ, ಸಂಸಾರಕ್ಕೆ ಸಮಾ ಸಮಾ. ನಮ್ಮ ಹುಡುಗರು ಮಾಡುತ್ತಿರುವುದು ತಿರುಗಾಮುರುಗಾ. ಒಂಟಿಯಾಗಿದ್ದಾಗ ಊರಲ್ಲಿ ಬೈಕಿನ ಮೇಲೆ ತಿರುಗಿಕೊಂಡಿದ್ದು, ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಗಂಟುಮೂಟೆ ಕಟ್ಟುತ್ತಾರೆ.

ಕಂಪನಿ ಕೆಲಸ ಅಂದಾಗ ಇನ್ನೊಂದು ಮಾತು ಕೇಳಿ ಬನ್ನಿ. ಪಿ.ಎಫ್. ನಂಬರು ಕೊಟ್ಟಿದ್ದಾರೋ, ದುಡ್ಡು ನಿಜವಾಗಿ ಖಾತೆಗೆ ಬೀಳುತ್ತಿದೆಯೋ? ಮಧ್ಯದಲ್ಲಿ ಕಂಟ್ರಾಕ್ಟರ್ ಇದ್ದರೆ ಇದನ್ನು ಫೋನಿನಲ್ಲೇ ತೆಗೆದು ನೋಡಿಕೊಳ್ಳಬೇಕು. ಪಿ.ಎಫ್. ಪೆನ್ಷನ್ ಸಿಗಬೇಕಾದರೆ ಹತ್ತು ವರ್ಷ ಸರ್ವೀಸು ತುಂಬಬೇಕು. ವರ್ಷಕ್ಕೊಂದು ಕಂಪನಿ ಹಾರಿ, ಪ್ರತಿ ಸಲವೂ ದುಡ್ಡು ಬಿಡಿಸಿಕೊಂಡು ಬಂದವನಿಗೆ ಕೊನೆಗೆ ಏನೂ ಇರುವುದಿಲ್ಲ. ಇ.ಎಸ್.ಐ. ಒಳ್ಳೆಯದು, ಸಂಬಳ 21,000 ದಾಟದವರಿಗೆ ಮನೆಮಂದಿಗೆಲ್ಲಾ ಚಿಕಿತ್ಸೆ ಇದೆ, ಅವಲಂಬಿತರಾದ ತಂದೆತಾಯಿಯನ್ನೂ ಸೇರಿಸಬಹುದು. ಸೇರಿಸುವುದನ್ನು ಮರೆಯುವವರೇ ಹೆಚ್ಚು.

ಈಗ ಊರಿನ ಲೆಕ್ಕ. ಇದನ್ನು ನಾವು ಮುಚ್ಚುಮರೆ ಇಲ್ಲದೆ ಹೇಳಬೇಕು, ಯಾಕೆಂದರೆ ಹಸು ಕಟ್ಟಿದರೆ ಕೈತುಂಬಾ ಕಾಸು ಅಂತ ನಾವೇ ಹೇಳಿಕೊಂಡು ತಿರುಗುವ ಜನ. ಎರಡು ಹಸು, ದಿನಕ್ಕೆ ಎರಡರಿಂದಲೂ ಇಪ್ಪತ್ತು ಲೀಟರು ಹಿಡಿಯೋಣ. ಲೀಟರಿಗೆ 35 ರೂಪಾಯಿ, ಅದರ ಮೇಲೆ ಸರ್ಕಾರದ ಪ್ರೋತ್ಸಾಹಧನ 5 ರೂಪಾಯಿ (ಅದು ತಡವಾಗಿ ಬರುತ್ತದೆ, ಆದರೂ ಹಿಡಿಯೋಣ). ದಿನಕ್ಕೆ 800. ಪಶು ಆಹಾರ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ, ಜೊತೆಗೆ ಹಸುವಿನ ಮೈಗೆ ಅಂತ ತಲಾ ಒಂದೂವರೆ ಕಿಲೋ. ಒಟ್ಟು ಹನ್ನೊಂದು ಕಿಲೋ, ಕಿಲೋ 28ರ ಲೆಕ್ಕದಲ್ಲಿ 308. ಉಳಿದದ್ತು 490 ಚಿಲ್ಲರೆ. ಹಸು ವರ್ಷ ಪೂರ್ತಿ ಕರೆಯುವುದಿಲ್ಲ, ಮುನ್ನೂರು ದಿನ ಹಿಡಿದರೆ 1,47,000. ಹಾಲು ಬತ್ತಿಸಿದ ದಿನಗಳ ಮೇವು, ಔಷಧಿ, ಸೂಜಿ, ಖನಿಜ ಮಿಶ್ರಣ, ವಿಮೆ ಎಲ್ಲಾ ಕಳೆದರೆ ವರ್ಷಕ್ಕೆ 1,20,000. ತಿಂಗಳಿಗೆ ಹತ್ತು ಸಾವಿರ ಆಯಿತು. ಹಸಿರು ಮೇವು ನಮ್ಮ ಗದ್ದೆಯದು, ಕೂಲಿ ನಮ್ಮದೇ.

ಆ ಕೂಲಿಯನ್ನೇ ಹಿಡಿದು ನೋಡಿ. 1,20,000ವನ್ನು 365 ದಿನಕ್ಕೆ ಹಂಚಿದರೆ ದಿನಕ್ಕೆ 330 ರೂಪಾಯಿಯೂ ಬರುವುದಿಲ್ಲ. 2025-26ರಲ್ಲಿ ಉದ್ಯೋಗ ಖಾತ್ರಿ ಕೂಲಿಯೇ ನಮ್ಮ ರಾಜ್ಯದಲ್ಲಿ 370 ಇತ್ತು. ಬೆಳಗಿನ ಜಾವ ಐದಕ್ಕೆ ಎದ್ದು, ಭಾನುವಾರ ಇಲ್ಲ, ಹಬ್ಬ ಇಲ್ಲ, ತವರಿನಲ್ಲಿ ಮದುವೆ ಇದ್ದರೆ ಸಂಜೆ ಹಾಲು ಕರೆಯುವ ಹೊತ್ತಿಗೆ ಓಡಿ ಬರಬೇಕು. ಈ ಕೆಲಸದಲ್ಲಿ ಮುಕ್ಕಾಲು ಪಾಲು ಇಲ್ಲಿ ಕುಳಿತಿರುವ ತಾಯಂದಿರದು. ಅವರ ಹೆಸರಿನಲ್ಲಿ ಪಾಸ್‌ಪುಸ್ತಕ ಇರುವ ಮನೆ ಎಷ್ಟು ಎಂಬುದನ್ನು ಇವತ್ತು ಕೇಳುವುದು ಬೇಡ. ಕಬ್ಬಿನದೂ ಹೀಗೇ. 2025-26ಕ್ಕೆ ಕೇಂದ್ರ ಗೊತ್ತು ಮಾಡಿದ ದರ ಟನ್ನಿಗೆ 3,550, ಅದೂ ನೂರಕ್ಕೆ 10.25 ಇಳುವರಿ ಇದ್ದರೆ. ಕಟಾವು, ಸಾಗಾಣಿಕೆ ಅದರಲ್ಲೇ ಕಳೆಯುತ್ತಾರೆ. ಹದಿನಾಲ್ಕು ದಿನದೊಳಗೆ ಬಿಲ್ಲು ಕೊಡಬೇಕು ಅಂತ ಕಾನೂನಿದೆ. ಆ ಕಾನೂನು ನಮ್ಮ ಕಡೆ ಎಷ್ಟು ಸಲ ದಾರಿ ತಪ್ಪಿದೆ ಎಂಬುದು ಎಲ್ಲರಿಗೂ ಗೊತ್ತು.

ಆದರೆ ಊರಿನ ಲೆಕ್ಕದಲ್ಲಿ ಬರೆಯದೇ ಬಿಟ್ಟ ಜಮೆಯೂ ಇದೆ. ಬಾಡಿಗೆ ಇಲ್ಲ. ರಾಗಿ, ಅವರೆಕಾಳು, ತೆಂಗಿನಕಾಯಿ, ಮನೆ ಹಿಂದಿನ ಸೊಪ್ಪು, ಮಜ್ಜಿಗೆ, ತುಪ್ಪ ಕೊಂಡು ತರುವುದಿಲ್ಲ. ಇವೆಲ್ಲಾ ಅಲ್ಲಿ ದುಡ್ಡಿಗೇ ಬರಬೇಕು. ಕಾಯಿಲೆ ಬಿದ್ದರೆ ಪಕ್ಕದ ಮನೆಯವರು ಹಸು ಕರೆದು ಹಾಲು ಹಾಕಿ ಬರುತ್ತಾರೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಬ್ಯಾಗು ನೇತು ಹಾಕಿಕೊಂಡು ಬಂದ ನಮ್ಮ ಹುಡುಗರಿಗೆ ಬಾಗಿಲು ತೆರೆದದ್ದು ಈ ಮನೆಗಳೇ. ಕಾರ್ಖಾನೆ ಮುಚ್ಚಿದ್ದವು, ಸಂಘದ ಬಾಗಿಲು ಬೆಳಿಗ್ಗೆ ಸಂಜೆ ತೆರೆದೇ ಇತ್ತು. ಬಂದವರಲ್ಲಿ ಕೆಲವರು ಹಸು ಕಟ್ಟಿ ಇಲ್ಲೇ ನಿಂತರು, ಹೆಚ್ಚಿನವರು ಮಾರನೇ ವರ್ಷ ವಾಪಸು ಹೋದರು. ಹೋದದ್ದು ತಪ್ಪು ಅಂತ ನಾವು ಹೇಳುವುದಿಲ್ಲ. ವಾಪಸು ಬರಲು ಒಂದು ಮನೆ, ಒಂದು ತುಂಡು ಜಮೀನು ಇತ್ತಲ್ಲ, ಅದು ಇಲ್ಲದಿದ್ದವರ ಗತಿ ಏನಾಯಿತು ಎಂಬುದನ್ನು ಅವರನ್ನೇ ಕೇಳಿ.

ಮಕ್ಕಳ ಓದು ಅಂತ ಹೊರಡುವವರೇ ಈಗ ಹೆಚ್ಚು. ಈ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇವೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಮೇಷ್ಟ್ರು ಕಡಿಮೆ, ಇಂಗ್ಲಿಷ್ ಸಾಲದು, ಇದು ನಿಜ. ಆದರೆ ಒಂದರಿಂದ ಹತ್ತನೇ ತರಗತಿವರೆಗೆ ಹತ್ತು ವರ್ಷ ಪೂರ್ತಿ ಗ್ರಾಮೀಣ ಪ್ರದೇಶದಲ್ಲಿ ಓದಿದ ಮಕ್ಕಳಿಗೆ ಸಿ.ಇ.ಟಿ. ಸೀಟುಗಳಲ್ಲಿ ನೂರಕ್ಕೆ 15, ರಾಜ್ಯ ಸರ್ಕಾರದ ಕೆಲಸಗಳಲ್ಲಿ ನೂರಕ್ಕೆ 25 ಗ್ರಾಮೀಣ ಮೀಸಲಾತಿ ಇದೆ ಎಂಬುದು ಎಷ್ಟು ಜನಕ್ಕೆ ಗೊತ್ತು? ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿದವರಿಗೆ ಇನ್ನೂ ನೂರಕ್ಕೆ 5 ಬೇರೆ ಇದೆ. ಮಗು ಆರನೇ ಕ್ಲಾಸಿನಲ್ಲಿದ್ದಾಗ ಬೆಂಗಳೂರಿಗೆ ಕರೆದುಕೊಂಡು ಹೋದಿರಿ ಅನ್ನಿ. ಐದು ವರ್ಷ ಇಲ್ಲಿ ಓದಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ, ಹತ್ತು ಅಂದರೆ ಹತ್ತೇ. ಅದೇ ಎಸ್.ಎಸ್.ಎಲ್.ಸಿ. ಮುಗಿಸಿ ಹೋದರೆ ಆ ಹಕ್ಕು ಜೊತೆಯಲ್ಲೇ ಬರುತ್ತದೆ. ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿ ಬೇಕು, ಮುಂದೆ ಬೇಕಾದಾಗ ಓಡುವ ಬದಲು ಶಾಲೆ ಬಿಡುವಾಗಲೇ ಮಾಡಿಸಿಡಿ.

ಇನ್ನೊಂದು ತಪ್ಪು ತಿಳುವಳಿಕೆ ಇದೆ. ಬೆಂಗಳೂರಲ್ಲಿ ಆರ್.ಟಿ.ಇ.ಯಲ್ಲಿ ಪುಕ್ಕಟೆ ಕಾನ್ವೆಂಟ್ ಸೀಟು ಸಿಗುತ್ತೆ ಅಂತ ಈಗಲೂ ಕೆಲವರು ನಂಬಿದ್ದಾರೆ. 2019ರಲ್ಲಿ ನಿಯಮ ಬದಲಾಯಿತು. ಅಕ್ಕಪಕ್ಕದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಸೀಟು ಇಲ್ಲ. ಹಾಗಾಗಿ ಅಲ್ಲಿ ಫೀಜು ಕಟ್ಟಲೇಬೇಕು. ಆ ಫೀಜಿನ ಅರ್ಧ ದುಡ್ಡಿನಲ್ಲಿ ಇಲ್ಲೇ ಸಂಜೆ ಇಂಗ್ಲಿಷು, ಗಣಿತಕ್ಕೆ ಒಬ್ಬರನ್ನು ಗೊತ್ತು ಮಾಡಿಕೊಳ್ಳಬಹುದು. ಸಂಘದ ಕಟ್ಟಡದ ಮಹಡಿ ಸಂಜೆ ಖಾಲಿ ಇರುತ್ತದೆ ಎಂಬುದನ್ನು ಅಧ್ಯಕ್ಷರ ಗಮನಕ್ಕೆ ತರುತ್ತೇವೆ.

ಇಷ್ಟೆಲ್ಲಾ ಹೇಳಿದ ಮೇಲೆ, ಹೋಗಲೇಬೇಕಾದವರೂ ಇದ್ದಾರೆ ಎಂಬುದನ್ನು ಒಪ್ಪಬೇಕು. ಅರ್ಧ ಎಕರೆಯೂ ಇಲ್ಲದ, ಮೇವಿಗೆ ಬದು ಕೂಡ ಇಲ್ಲದ ಮನೆಯವರನ್ನು ಹಿಡಿದು ನಿಲ್ಲಿಸಿ "ಹಸು ಕಟ್ಟು" ಅಂದರೆ ಅದು ಬುದ್ಧಿ ಮಾತಲ್ಲ. ಡಯಾಲಿಸಿಸ್ಸು, ಕ್ಯಾನ್ಸರು ಅಂತ ವಾರವಾರ ಕಿದ್ವಾಯಿಗೋ ವಿಕ್ಟೋರಿಯಾಕ್ಕೋ ಹೋಗಿಬರುವವರಿದ್ದಾರೆ. ಗಂಡ ತೀರಿಕೊಂಡು, ಭಾಗ ಕೊಡದ ಮೈದುನರ ಮಧ್ಯೆ ಇರಲಾರದೆ ಹೊರಟ ಹೆಣ್ಣುಮಕ್ಕಳಿದ್ದಾರೆ. ತಿಂಗಳ ಏಳನೇ ತಾರೀಖು ತನ್ನ ಹೆಸರಿನ ಖಾತೆಗೆ ಸಂಬಳ ಬೀಳುವುದು ಅವರ ಪಾಲಿಗೆ ಸಣ್ಣ ಸಂಗತಿಯಲ್ಲ. ಕೆಳಗಿನ ಕೇರಿಯ ನಮ್ಮ ಸದಸ್ಯರೊಬ್ಬರು ಒಮ್ಮೆ ಸಂಘದ ಕಟ್ಟೆ ಮೇಲೆ ಕೂತು ಹೇಳಿದರು: "ಅಣ್ಣ, ಬೆಂಗಳೂರಲ್ಲಿ ಹೋಟ್ಲಿಗೆ ಹೋದ್ರೆ ಕಾಸು ಮಡಗು ಅಂತಾರೆ, ಯಾವ ಕೇರಿ ಅಂತ ಕೇಳಲ್ಲ ಕಣಣ್ಣ." ನಮ್ಮ ಹತ್ತಿರ ಉತ್ತರ ಇರಲಿಲ್ಲ. ಬಾಡಿಗೆ ಮನೆ ಹುಡುಕುವಾಗ ಅಲ್ಲೂ "ನೀವು ಯಾವ ಜನ" ಅಂತ ಕೇಳುತ್ತಾರೆ ಎಂದು ಅವರೇ ಆಮೇಲೆ ಹೇಳಿದರು. ಆದರೂ ಅವರ ಮಗ ಅಲ್ಲೇ ಇದ್ದಾನೆ. ಊರು ಬಿಟ್ಟು ಹೋಗಬೇಡಿ ಅನ್ನುವ ಮೊದಲು ಊರಲ್ಲಿ ಅವರನ್ನು ಹೇಗೆ ಇಟ್ಟುಕೊಂಡಿದ್ದೇವೆ ಎಂಬುದನ್ನೂ ನಾವು ನೋಡಿಕೊಳ್ಳಬೇಕಾಗುತ್ತದೆ.

ಮದುವೆ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. 2023ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯ ಹುಡುಗರು ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರನ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಪೇಪರಿನವರು ತಮಾಷೆ ಮಾಡಿ ಬರೆದರು, ನಮಗೆ ನಗು ಬರಲಿಲ್ಲ. ಎರಡೆಕರೆ ನೀರಾವರಿ ಇರುವ ಹುಡುಗನನ್ನು ಬಿಟ್ಟು ಬೆಂಗಳೂರಲ್ಲಿ ಬಾಡಿಗೆ ಮನೆಯಲ್ಲಿರುವವನಿಗೆ ಹೆಣ್ಣು ಕೊಡುತ್ತಾರೆ. ಕೊಡುವವರು ಹೊರಗಿನವರಲ್ಲ, ನಾವೇ. ನಮ್ಮ ಮಗಳಿಗೆ ಸಗಣಿ ಬಾಚುವ ಕಷ್ಟ ಬೇಡ, ನಮ್ಮ ಮಗನಿಗೆ ಮಾತ್ರ ಹಳ್ಳಿ ಸೊಸೆ ಬೇಕು. ಇದು ಹೇಗೆ ನಡೆದೀತು?

ಜಮೀನಿನ ಮಾತು. ಹೋಗುವವರಿಗೆ ನಾವು ಕೈ ಮುಗಿದು ಕೇಳಿಕೊಳ್ಳುವುದು ಇದೊಂದನ್ನು: ಮೊದಲ ಐದು ವರ್ಷ ಜಮೀನಿಗೆ ಕೈ ಹಚ್ಚಬೇಡಿ. 2020ರಲ್ಲಿ ಭೂ ಸುಧಾರಣಾ ಕಾಯ್ದೆ ತಿದ್ದುಪಡಿಯಾಗಿ 79ಎ, 79ಬಿ ಕಲಮುಗಳು ಹೋದ ಮೇಲೆ, ಕೃಷಿಕರಲ್ಲದವರೂ ಕೊಳ್ಳುವಂತಾಯಿತು. 2023ರ ಮಾರ್ಚಿನಲ್ಲಿ ಮೈಸೂರು ಹೆದ್ದಾರಿ ಉದ್ಘಾಟನೆ ಆಯಿತು. ಅಲ್ಲಿಂದ ಕಾರಿನಲ್ಲಿ ಬಂದು ಬದುವಿನ ಮೇಲೆ ನಿಂತು ರೇಟು ಕೇಳುವವರಿಗೆ ಬರವಿಲ್ಲ. ಬಂದ ದುಡ್ಡಿನಲ್ಲಿ ಬೆಂಗಳೂರಲ್ಲಿ ಒಂದು ಸೈಟೂ ಆಗುವುದಿಲ್ಲ, ಕಾರು ಆಗುತ್ತದೆ, ಮೂರು ವರ್ಷಕ್ಕೆ ಅದೂ ಹಳೆಯದಾಗುತ್ತದೆ.

ಮಾರದಿದ್ದರೂ ಪಾಳು ಬಿಡುವವರಿದ್ದಾರೆ. ವಾರಕ್ಕೆ ಕೊಟ್ಟರೆ ಉಳುವವನೇ ಒಡೆಯ ಆಗಿಬಿಡುತ್ತಾನೆ ಎಂಬ 1974ರ ಭಯ ಇನ್ನೂ ಹೋಗಿಲ್ಲ. ಅದರಿಂದ ಹೋದವನಿಗೂ ಲಾಭವಿಲ್ಲ, ಮೇವಿಗೆ ಪರದಾಡುವ ಪಕ್ಕದವನಿಗೂ ಇಲ್ಲ. ಅಣ್ಣತಮ್ಮಂದಿರಲ್ಲಿ ಒಬ್ಬ ಹೋಗಿ ಒಬ್ಬ ಉಳಿಯುವಾಗಲಂತೂ ಮಾತು ಮೊದಲೇ ಆಗಬೇಕು. ಊರಲ್ಲಿರುವವನು ಅಪ್ಪ ಅವ್ವನನ್ನು ನೋಡಿಕೊಂಡು, ಬೋರು ಕೊರೆಸಿ, ಸಾಲ ತೀರಿಸಿ, ಹತ್ತು ವರ್ಷ ಆದ ಮೇಲೆ ಹೋದವನು ಬಂದು "ಸಮಭಾಗ ಆಗಲಿ" ಅಂತಾನೆ. ಕಾನೂನಿನಲ್ಲಿ ಅವನದು ಸರಿ. ಬೋರಿನ ದುಡ್ಡು, ಅಪ್ಪನ ಆಸ್ಪತ್ರೆ ಖರ್ಚು ಯಾರದು? ಅದಕ್ಕೇ ಹೋಗುವ ಮುಂಚೆ ಯಾರು ಎಷ್ಟು ಹಾಕಬೇಕು, ತಿಂಗಳಿಗೆ ಎಷ್ಟು ಕಳಿಸಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ ಮನೆಯ ಹಿರಿಯರ ಕೈಗೆ ಕೊಡಿ. ತಾತನ ಹೆಸರಲ್ಲೇ ಪಹಣಿ ಇದ್ದರೆ ಪೌತಿ ಖಾತೆ ಮಾಡಿಸಿಯೇ ಹೋಗಿ. ಆಮೇಲೆ ಎಲ್ಲರೂ ಒಟ್ಟಿಗೆ ನಾಡಕಛೇರಿಗೆ ಬರುವ ದಿನ ಸಿಗುವುದಿಲ್ಲ.

ಬೆಂಗಳೂರು ಇಲ್ಲವೇ ಊರು, ಮಧ್ಯೆ ಏನೂ ಇಲ್ಲ ಅಂತ ತಿಳಿಯಬೇಡಿ. ಮದ್ದೂರು, ಮಂಡ್ಯದಿಂದ ರೈಲಿನ ಪಾಸು ಮಾಡಿಸಿಕೊಂಡು ದಿನಾ ಹೋಗಿ ಬರುವವರು ಎಷ್ಟೋ ಜನ ಇದ್ದಾರೆ. ಬೆಳಿಗ್ಗೆ ನಾಲ್ಕೂವರೆಗೆ ಏಳಬೇಕು, ರಾತ್ರಿ ಒಂಬತ್ತಕ್ಕೆ ಮನೆ ಸೇರಬೇಕು, ಮೈ ಹಣ್ಣಾಗುತ್ತದೆ. ಆದರೆ ಬಾಡಿಗೆಯ ಎಂಟು ಸಾವಿರ ಮನೆಯಲ್ಲೇ ಉಳಿಯುತ್ತದೆ. ಎರಡು ಮೂರು ವರ್ಷಕ್ಕೆ ಮಾತ್ರ ಇದು ಸರಿ, ಜೀವಮಾನಕ್ಕಲ್ಲ. ಗಾರ್ಮೆಂಟ್ಸಿನ ವ್ಯಾನು ನಮ್ಮ ಗೇಟಿಗೇ ಬರುತ್ತದೆ. ಸಂಬಳ ಬೆಂಗಳೂರಿಗಿಂತ ಕಡಿಮೆ, ಸಂಜೆ ಮಕ್ಕಳು ಕಣ್ಣ ಮುಂದೆ ಇರುತ್ತವೆ. ಬಸ್ಸಿನಲ್ಲಿ ಹೆಂಗಸರಿಗೆ 2023ರ ಜೂನಿನಿಂದ ಟಿಕೆಟಿಲ್ಲದ ಮೇಲೆ ಮಂಡ್ಯದ ಅಂಗಡಿ, ಆಸ್ಪತ್ರೆ ಕೆಲಸಕ್ಕೆ ಹೋಗಿಬರುವವರೂ ಹೆಚ್ಚಾದರು. ಇಂಥ ದಾರಿಗಳನ್ನು ನೋಡಿ, ಆಗುವುದಿಲ್ಲ ಅಂತ ಗೊತ್ತಾದ ಮೇಲೆ ದೊಡ್ಡ ಊರಿನ ದಾರಿ ಹಿಡಿಯಬಹುದು.

ನಿರ್ದೇಶಕರು ಊರಿಗೆಲ್ಲಾ ಹೇಳುತ್ತಾರೆ, ಇವರ ಮನೆಯಲ್ಲಿ ಏನು ಮಾಡುತ್ತಾರೆ ಅಂತ ಹಿಂದಿನ ಸಾಲಿನವರು ಗುಸುಗುಸು ಅನ್ನುತ್ತಿರುವುದು ಕಾಣುತ್ತಿದೆ. ನಮ್ಮ ಮಗ ಡಿಪ್ಲೊಮಾ ಮುಗಿಸಿದ್ದಾನೆ, ಪೀಣ್ಯದಲ್ಲಿ ಕೆಲಸಕ್ಕೆ ಕರೆದಿದ್ದಾರೆ. ಮನೆಯಲ್ಲಿ ಹದಿನೈದು ದಿನ ಇದೇ ಮಾತು ನಡೆಯಿತು. ನಮ್ಮ ತಂದೆಯವರು ಬೇಡವೆಂದರು. ನಾವು ಮೇಲಿನ ಲೆಕ್ಕವನ್ನೆಲ್ಲಾ ಹಾಳೆಯ ಮೇಲೆ ಬರೆದು ಅವನ ಮುಂದಿಟ್ಟೆವು. ಅವನು ಓದಿ, "ಅಪ್ಪಾ, ಎಲ್ಲಾ ಸರಿ, ಆದ್ರೆ ಇಲ್ಲಿ ಕಲ್ತಿರೋ ಮೆಷಿನ್ ಕೆಲ್ಸ ಎಲ್ಲಿ ಮಾಡ್ಲಿ?" ಅಂದ. ಅದಕ್ಕೆ ನಮ್ಮ ಹಾಳೆಯಲ್ಲಿ ಕಾಲಮ್ಮು ಇರಲಿಲ್ಲ. ಕೊನೆಗೆ ಮನೆಯವರೇ ತೀರ್ಮಾನ ಮಾಡಿದರು: "ಎರಡು ವರ್ಷ ಒಬ್ನೇ ಹೋಗಿ ರೂಮಿನಲ್ಲಿರಲಿ. ಮೂರು ಹಸುವಿನಲ್ಲಿ ಒಂದನ್ನು ಕಡಿಮೆ ಮಾಡೋಣ, ನಮ್ಮ ಕೈಲಾಗೋದು ಅಷ್ಟೇ. ತಿಂಗಳಿಗೆ ಐದು ಸಾವಿರ ಅವನ ಹೆಸರಲ್ಲೇ ಕಟ್ಟಲಿ, ನಮಗೆ ಕಳಿಸೋದು ಬೇಡ. ಮದುವೆ ಮಾತು ಎರಡು ವರ್ಷ ಆದ ಮೇಲೆ." ಹಾಗೇ ಆಗಿದೆ. ಮುಂದಿನ ತಿಂಗಳು ಹೊರಡುತ್ತಾನೆ. ನಮ್ಮ ತಂದೆ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.

ಇನ್ನು ಸಂಘಕ್ಕೆ ಸಂಬಂಧಪಟ್ಟ ಎರಡು ಮಾತು ಹೇಳಿ ಮುಗಿಸುತ್ತೇವೆ. ಊರು ಬಿಡುವವರು ಸದಸ್ಯತ್ವ ತಾನಾಗೇ ಇರುತ್ತೆ ಅಂದುಕೊಳ್ಳಬೇಡಿ. ವರ್ಷದಲ್ಲಿ ಇಷ್ಟು ದಿನ, ಇಷ್ಟು ಲೀಟರ್ ಹಾಲು ಹಾಕಿರಬೇಕು ಎಂಬುದು ಬೈಲಾದಲ್ಲಿದೆ, ಇಲ್ಲದಿದ್ದರೆ ಮತದ ಹಕ್ಕು ಹೋಗುತ್ತದೆ. ಮನೆಯಲ್ಲಿ ಉಳಿಯುವವರು ಹಸು ಸಾಕುವುದಾದರೆ ಅವರ ಹೆಸರಿನಲ್ಲೇ ಸದಸ್ಯತ್ವ ಮಾಡಿಸಿ. ಯಶಸ್ವಿನಿ 2018ರಲ್ಲಿ ನಿಂತು 2022-23ರಲ್ಲಿ ಮತ್ತೆ ಬಂದಾಗ ಗ್ರಾಮೀಣ ಸಹಕಾರ ಸಂಘದ ಸದಸ್ಯರ ನಾಲ್ಕು ಜನರ ಮನೆಗೆ 500 ರೂಪಾಯಿಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಅಂತ ಮಾಡಿದರು. ಊರಲ್ಲಿ ಉಳಿಯುವ ವಯಸ್ಸಾದವರಿಗೆ ಇದು ತಪ್ಪಬಾರದು.

ಕೊನೆಯದು ಜಾಮೀನು. ಹಸು ಸಾಲಕ್ಕೋ, ಬೆಳೆ ಸಾಲಕ್ಕೋ, ಸ್ತ್ರೀಶಕ್ತಿ ಗುಂಪಿನ ಸಾಲಕ್ಕೋ ನಿಮಗೆ ಒಬ್ಬರು ಜಾಮೀನು ನಿಂತಿರುತ್ತಾರೆ. ರಾತ್ರೋರಾತ್ರಿ ಟೆಂಪೋಗೆ ಸಾಮಾನು ಹೇರಿಕೊಂಡು ಹೋದರೆ ನೋಟೀಸು ಬರುವುದು ಅವರ ಮನೆಗೆ. ಬಡ್ಡಿ ಇಲ್ಲದ ಬೆಳೆ ಸಾಲ ಕೂಡ ವಾಯಿದೆ ಮೀರಿದರೆ ಬಡ್ಡಿ ಸಾಲವಾಗುತ್ತದೆ. ಹೊರಡುವ ಮುಂಚೆ ಜಾಮೀನುದಾರರ ಮನೆಗೆ ಹೋಗಿ, ಉಳಿದ ಬಾಕಿ ಇಷ್ಟು, ಇಂಥ ದಿನ ಕಟ್ಟುತ್ತೇನೆ, ನನ್ನ ಫೋನು ನಂಬರು ಇದು ಅಂತ ಹೇಳಿ ಬನ್ನಿ. ಬಾಕಿ ಎಷ್ಟಿದೆ ಅಂತ ಗೊತ್ತಿಲ್ಲದವರು ಪಾಸ್‌ಪುಸ್ತಕ ತೆಗೆದುಕೊಂಡು ಬನ್ನಿ. ಬೆಳಿಗ್ಗೆ ಹಾಲು ಅಳೆಯುವುದು ಮುಗಿದ ಮೇಲೆ ಹತ್ತು ಗಂಟೆವರೆಗೆ ಕಾರ್ಯದರ್ಶಿಗಳು ಸಂಘದಲ್ಲೇ ಇರುತ್ತಾರೆ, ಮಂಗಳವಾರ ಮತ್ತು ಶುಕ್ರವಾರ ನಾವೂ ಇರುತ್ತೇವೆ. ಊಟಕ್ಕೆ ಎಲೆ ಹಾಕಿದ್ದಾರೆ ಅಂತ ಕೈಸನ್ನೆ ಮಾಡುತ್ತಿದ್ದಾರೆ.